ಅಂಚೆಚೀಟಿಯಷ್ಟು ಆಯುಧ

ವೆಂಕಟಸುಬ್ಬಯ್ಯನ ಆ ದಿನದ ಕಷ್ಟಕ್ಕೆಲ್ಲ ಮೂಲ ಒಂದು ಚಿಟಿಕೆ ಕುಂಕುಮ. ಅದು ಯಾರದಾದರೂ ಹಣೆಯ ಮೇಲಿದ್ದಿದ್ದರೆ ತೊಂದರೆಯಿರಲಿಲ್ಲ. ಬಿದ್ದದ್ದು ಮೂರು ಟ್ರಾನ್ಸಿಸ್ಟರುಗಳ ಮೇಲೆ.

ರೈಲ್ವೆ ಮುಷ್ಕರ ನಡೆದ ವರ್ಷದ ನವರಾತ್ರಿ ಅದು. ಮಲಾಡ್ ಸ್ಟೇಷನ್ನಿನಿಂದ ಕೂಗಳತೆಯ ಒಂದು ಚಾಳಿನ ಮೇಲ್ಮಾಳಿಗೆಯಲ್ಲಿ ಕನ್ನಡದವರ ಖೋಲಿಗಳು ಸಾಲಾಗಿದ್ದವು. ಅವರಿಗೆಲ್ಲ ಒಂದೇ ಗ್ಯಾಲರಿ, ಒಂದೇ ನಲ್ಲಿ. ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮನೆಯಲ್ಲಿ ಸೀನು ಬರಿಸುತ್ತಿತ್ತು. ಕೊನೆಯ ಖೋಲಿ ಮೈಸೂರು ಕಡೆಯ ವೆಂಕಟಸುಬ್ಬಯ್ಯ ಮತ್ತು ಅವನ ಹೆಂಡತಿ ಪುಟ್ಟಲಕ್ಷ್ಮಿಯದು. ಪಕ್ಕದ್ದು ಬಿಜಾಪುರದ ಕಡೆಯ, ಗಾರೆ ಕೆಲಸದ ಗೌಂಡಿ ಬಂಡೆಪ್ಪನದು. ಹಾಗೆಂದು ಬಾಡಿಗೆ ಚೀಟಿಯಲ್ಲಿತ್ತು. ನಿಜಕ್ಕೂ ಅದು, ಮತ್ತು ಒಟ್ಟು ಗ್ಯಾಲರಿ, ಅವನ ಹೆಂಡತಿ ದೇವಕ್ಕನದು.

ವೆಂಕಟಸುಬ್ಬಯ್ಯ ಛೋಟುಭಾಯಿ ಎಂಬ ಗುಜರಾತಿಯ ಸಣ್ಣ ಕಾರ್ಖಾನೆಯಲ್ಲಿ ಡಿಸೈನ್ ಎಂಜಿನಿಯರ್. ರೇಡಿಯೋ, ಧ್ವನಿವರ್ಧಕ, ಗಣಪತಿ ಮಂಡಳಗಳ ಆಂಪ್ಲಿಫೈಯರ್, ಹೀಗೆ ಕೂಗುವ ವಸ್ತುಗಳನ್ನೆಲ್ಲ ಅಲ್ಲಿ ತಯಾರಿಸುತ್ತಿದ್ದರು. ಅಂಥ ಜಾಗದಲ್ಲಿ ಕೂತು ಅವನು ಮಳೆಗಾಲಕ್ಕೂ ಮುಂಚಿನಿಂದ ಒಂದು ಪಿಸುಗುಡುವ ವಸ್ತುವಿನ ಬೆನ್ನು ಹತ್ತಿದ್ದ.

ಅದರ ಕತೆ ಇಷ್ಟು. ಫೋರ್ಟ್ ಪೇಟೆಯ ಧೀರಜಲಾಲ್ ಸೇಠರ ಕಂಪನಿ ಕಿವಿಯ ಯಂತ್ರ ಮಾರುತ್ತಿತ್ತು. ಕಿವುಡರು ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಅದರ ವೈರನ್ನು ಕಿವಿಗೆ ಸಿಕ್ಕಿಸಿಕೊಳ್ಳುವಂಥದ್ದು. ಒಳಗಿನ ಸೆಲ್ಲು ಹೇಳದೆ ಕೇಳದೆ ಸಾಯುತ್ತದೆ, ಯಾರೋ ಮಾತಾಡುತ್ತಿದ್ದಂತೆಯೇ ಜಗತ್ತು ಮೂಕವಾಗಿಬಿಡುತ್ತದೆ ಎಂಬುದು ಗಿರಾಕಿಗಳ ದೂರು. ಆದ್ದರಿಂದ ಸೆಲ್ಲಿನ ವೋಲ್ಟೇಜನ್ನು ಸದಾ ಗಮನಿಸುತ್ತಿದ್ದು, ಅದು ಒಂದೂವರೆಯಿಂದ ಇಳಿಯುತ್ತ ಒಂದು ಪಾಯಿಂಟ್ ಒಂದಕ್ಕೆ ಬಂದಾಗ ಕಿವಿಯಲ್ಲಿ ಟಿಕ್ ಟಿಕ್ ಎಂದು ಎಚ್ಚರಿಸುವ ಒಂದು ಸರ್ಕಿಟ್ ಸೇಠರಿಗೆ ಬೇಕಾಗಿತ್ತು, ಛೋಟುಭಾಯಿ ಮಾಡಿಕೊಡಲು ಒಪ್ಪಿದ್ದ. ಅದು ಅಂಚೆಚೀಟಿಯಷ್ಟು ಚಿಕ್ಕದಿರಬೇಕು. ಕಾಯಬೇಕಾದ ಸೆಲ್ಲನ್ನು ತಾನೇ ತಿಂದು ಮುಗಿಸಬಾರದು.

ವೆಂಕಟಸುಬ್ಬಯ್ಯನ ಸರ್ಕಿಟ್ಟು ಏಕಾದಶಿ ಮಾಡುವ ಅಜ್ಜಿಯಂತೆ ಉಣ್ಣುತ್ತಿತ್ತು. ಎಷ್ಟು ಕಮ್ಮಿಯೆಂದರೆ, ಅದನ್ನು ಛೋಟುಭಾಯಿಯ ಮುಂದೆ ಮೀಟರಿಗೆ ಸೇರಿಸಿದಾಗ ಮುಳ್ಳು ಅಲುಗಲೇ ಇಲ್ಲ.

"ಬಂದ್ ಹೈ ಕ್ಯಾ?" ಎಂದ ಛೋಟುಭಾಯಿ.

"ಚಾಲೂ ಹೈ ಸೇಠ್."

"ಚಾಲೂ ಇದ್ದರೆ ಮುಳ್ಳು ಯಾಕೆ ನಿದ್ದೆ ಮಾಡ್ತಿದೆ?"

"ಅದೇ ಸೇಠ್ ಇದರ ಹೆಚ್ಚುಗಾರಿಕೆ."

ತನ್ನ ಆಯುಷ್ಯವನ್ನೆಲ್ಲ ಮುಳ್ಳು ಕುಣಿಸುವುದರಲ್ಲಿ ಕಳೆದಿದ್ದ ಛೋಟುಭಾಯಿಗೆ ಇದು ಹಿಡಿಸಲಿಲ್ಲ. "ನವಮಿಯ ದಿನ ಧೀರಜಲಾಲ್ ಸೇಠರು ಸ್ಯಾಂಪಲ್ ನೋಡ್ತಾರೆ. ಪಾಸಾದರೆ ನೀನು ಇಲ್ಲಿ, ಡಿಸೈನ್ ಟೇಬಲ್ಲಿನಲ್ಲಿ. ಫೇಲಾದರೆ ನಾಗಪುರ. ಅಲ್ಲಿನ ಅಂಗಡಿಗೆ ಒಬ್ಬ ಮನುಷ್ಯ ಬೇಕು," ಎಂದುಬಿಟ್ಟ. ನಾಗಪುರದ ಅಂಗಡಿಯೆಂದರೆ ಕೌಂಟರಿನ ಹಿಂದೆ ಕೂತು ಜನರ ರೇಡಿಯೋಗಳಿಂದ ಜಿರಲೆ ತೆಗೆಯುವ ಕೆಲಸ ಎಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ವೆಂಕಟಸುಬ್ಬಯ್ಯ ಮಾಡಿದ್ದು ಎರಡು ಸರ್ಕಿಟ್. ಮೊದಲನೆಯದು ಆತುರದ್ದು. ಸೆಲ್ಲು ಇನ್ನೂ ಒಂದು ಪಾಯಿಂಟ್ ಮೂರರಲ್ಲಿ ಗಟ್ಟಿಮುಟ್ಟಾಗಿರುವಾಗಲೇ ಸತ್ತೆ ಸತ್ತೆ ಎಂದು ಟಿಕ್‌ಗುಟ್ಟುತ್ತಿತ್ತು. ಒಮ್ಮೆ ಶುರು ಮಾಡಿತೆಂದರೆ ವೋಲ್ಟೇಜು ಚೂರು ಏರಿದರೂ ಬಾಯಿ ಮುಚ್ಚುತ್ತಿರಲಿಲ್ಲ, ಸಾಕಷ್ಟು ಮೇಲೇರಿದ ಮೇಲೆಯೇ ಸಮಾಧಾನ. ಈ ಒಂದು ಗುಣ ಸರ್ಕಿಟ್ಟಿನಲ್ಲಿ ಬೇಕಾದದ್ದೇ. ದೇವಕ್ಕನ ನಲ್ಲಿಯ ಜಗಳಗಳನ್ನು ನೋಡಿಯೇ ತನಗಿದು ಚೆನ್ನಾಗಿ ಅರ್ಥವಾದದ್ದೆಂದು ಅವನು ಹೆಂಡತಿಗೆ ಹೇಳಿದ್ದ. ಆದರೆ ಒಂದು ಪಾಯಿಂಟ್ ಮೂರು ತಪ್ಪು. ಅದನ್ನು ಸಾಸಿವೆ ಡಬ್ಬಿಯ ಪಕ್ಕದ ಗೂಡಿಗೆ ಎಸೆದು ಎರಡನೆಯದನ್ನು ಮಾಡಿದ. ಅದು ತಕ್ಕಡಿ ಹಿಡಿದಂತೆ ಒಂದು ಪಾಯಿಂಟ್ ಒಂದಕ್ಕೇ ಬಾಯಿ ಬಿಡುತ್ತಿತ್ತು. ನೋಡಲು ಎರಡೂ ಅವಳಿಜವಳಿ. ಒಳ್ಳೆಯದನ್ನು ಹತ್ತಿಯಲ್ಲಿ ಸುತ್ತಿ, ಸೋಪಿನ ಡಬ್ಬಿಯಲ್ಲಿಟ್ಟು, ಟ್ರಂಕಿನ ಮೇಲಿಟ್ಟು, ನವಮಿಯ ಬೆಳಿಗ್ಗೆ ಬಕೆಟ್ ಹಿಡಿದು ಸ್ನಾನದ ಸರದಿಗೆ ಹೋಗಿ ನಿಂತ.

ಸ್ನಾನ ಮುಗಿಸಿ ಪಂಚೆಯಲ್ಲಿ ನಡುಗುತ್ತ ಬಂದರೆ ಗ್ಯಾಲರಿಯಲ್ಲಿ ಜನ. ದೇವಕ್ಕನ ಬಾಗಿಲ ಮುಂದೆ ರಂಗೋಲಿ, ಅದರ ಮೇಲೆ ಮಣೆ. ಮೈಸೂರಿನವರು ಆಯುಧಪೂಜೆ ಅನ್ನುವುದನ್ನು ದೇವಕ್ಕ ಖಂಡೇಪೂಜೆ ಅನ್ನುತ್ತಿದ್ದಳು. ಹೆಸರಿನ ವಿಷಯದಲ್ಲಿ ಪುಟ್ಟಲಕ್ಷ್ಮಿಗೂ ಅವಳಿಗೂ ಪ್ರತಿವರ್ಷ ಸಣ್ಣ ಚರ್ಚೆ ನಡೆದು, ಪೂಜೆ ಮಾತ್ರ ದೇವಕ್ಕನ ಪ್ರಕಾರವೇ ನಡೆಯುತ್ತಿತ್ತು. ಮಣೆಯ ಮೇಲೆ ಬಂಡೆಪ್ಪನ ಕರಣಿ, ಗೋಡೆ ನೆಟ್ಟಗಿದೆಯೇ ನೋಡುವ ದಾರದ ಗುಂಡು, ಆಚೆ ಖೋಲಿಯ ಬಸ್ ಕಂಡಕ್ಟರ್ ಗುರಲಿಂಗಪ್ಪನ ಟಿಕೆಟ್ಟಿಗೆ ತೂತು ಹಾಕುವ ಇಕ್ಕಳ, ಎರಡು ಈಳಿಗೆಮಣೆ, ಒಂದು ಕತ್ತರಿ. ನಡುವೆ ವೀಳ್ಯದೆಲೆಯ ಮೇಲೆ, ಅರಿಶಿನ ಕುಂಕುಮ ಗಂಧಗಳಲ್ಲಿ ಮಿಂದು, ತಲೆಯ ಮೇಲೆ ಒಂದು ಚೆಂಡುಹೂವು ಹೊತ್ತು, ಸರ್ಕಿಟ್.

"ಏನಿದು?" ಎಂದ ವೆಂಕಟಸುಬ್ಬಯ್ಯ. ಬಕೆಟ್ಟು ತಾನಾಗಿ ಕೆಳಗೆ ಕೂತಿತು.

"ಏನು ಅಂದ್ರ? ನಿಮ್ಮ ಆಯುಧರೀ," ಎಂದಳು ದೇವಕ್ಕ. "ಎಲ್ಲಾರ ಖೋಲಿದೂ ತಂದೀನಿ, ನಿಮ್ಮದೊಂದು ಬಿಟ್ರ ಚಂದ ಕಾಣ್ತದೇನು? ಪಾಪ, ಸಣ್ಣದದ. ಅದಕ್ಕ ಜರಾ ಹೆಚ್ಚಿಗೇನೇ ಹಚ್ಚೀನಿ."

"ದೇವಕ್ಕ, ಅದಕ್ಕೆ ಬೆವತ ಬೆರಳು ತಾಗಿದರೂ ಆಗೋದಿಲ್ಲ. ಅದರಲ್ಲಿ ಹರಿಯೋ ಕರೆಂಟೇ ಅಷ್ಟು ಕಮ್ಮಿ. ನಿಮ್ಮ ಕುಂಕುಮದಲ್ಲಿ ಸುಣ್ಣ ಇರುತ್ತೆ. ಒದ್ದೆಯಾಯ್ತು ಅಂದ್ರೆ ಕರೆಂಟೆಲ್ಲ ಕುಂಕುಮದ ಕಡೆ ಹರಿದುಬಿಡುತ್ತೆ."

"ಕುಂಕುಮದ ಕಡೆ ಹರದ್ರ ಚಲೋನೇ ಆತಲ್ರಿ."

ವೆಂಕಟಸುಬ್ಬಯ್ಯ ಒಳಗೆ ಓಡಿ ಹೊಸ ಸೆಲ್ಲನ್ನೂ ಕಿವಿಗೆ ಹಾಕುವ ಗುಂಡಿಯನ್ನೂ ತಂದ. ಮಣೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ವೈರು ತಾಗಿಸಿ, ಗುಂಡಿಯನ್ನು ಕಿವಿಗಿಟ್ಟುಕೊಂಡ. ಟಿಕ್ ಟಿಕ್ ಟಿಕ್. ಹೊಚ್ಚ ಹೊಸ ಸೆಲ್ಲು ಸತ್ತಿದೆಯೆಂದು ಸರ್ಕಿಟ್ಟು ಸಾರುತ್ತಿತ್ತು. ಅವನ ಮುಖ ನೋಡಿ ಬಂಡೆಪ್ಪ ಗುಂಡಿಯನ್ನು ಇಸಿದುಕೊಂಡು ತನ್ನ ಕಿವಿಗಿಟ್ಟುಕೊಂಡ.

"ಏ, ಇದು ಮಾತಾಡ್ತದ," ಎಂದ.

"ಪೂಜಿ ಆದ ಕೂಡಲೇ ಮಾತಾಡ್ತು ನೋಡ್ರಿ," ಎಂದಳು ದೇವಕ್ಕ ಸುತ್ತ ನಿಂತವರಿಗೆ. ಗುಂಡಿ ಕಿವಿಯಿಂದ ಕಿವಿಗೆ ಪ್ರಸಾದದಂತೆ ಸಾಗಿತು.

"ಕೊಡಿ ಇಲ್ಲಿ. ಒರೆಸಿ ತಗೊಂಡು ಹೋಗಬೇಕು. ಮಧ್ಯಾಹ್ನ ಫೋರ್ಟಲ್ಲಿ ತೋರಿಸಬೇಕು ಇದನ್ನ," ಎಂದು ಅವನು ಕೈ ಚಾಚಿದ.

ದೇವಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇದು ವೋಲ್ಟೇಜು ಇಳಿಯುತ್ತಿರುವ ಗುರುತು.

"ಮಣಿ ಮ್ಯಾಲ ಇಟ್ಟ ಆಯುಧ ನಾಳಿ ಮುಂಜಾನಿತನಕ ಎತ್ತಂಗಿಲ್ಲ. ನಿಮ್ಮ ಮೈಸೂರಾಗ ಎತ್ತತಾರೇನು?"

ಎತ್ತುವುದಿಲ್ಲ. ವೆಂಕಟಸುಬ್ಬಯ್ಯನ ತಂದೆ ಆ ದಿನ ಪೆನ್ನು ಕೂಡ ಮುಟ್ಟುತ್ತಿರಲಿಲ್ಲ. ಅವನು ಚಾಚಿದ ಕೈ ಹಿಂದೆಗೆದ.

"ಸಾಹೇಬ್ರ, ನಾ ಇವತ್ತು ಒಂದು ಇಟ್ಟಂಗಿ ಹಿಡದಿಲ್ಲ," ಎಂದ ಬಂಡೆಪ್ಪ, ತಿಳಿಹೇಳುವ ದನಿಯಲ್ಲಿ. "ಗುರಲಿಂಗಪ್ಪ ಬಸ್ಸು ಬಿಟ್ಟು ಕುಂತಾನ. ಇಡೀ ರೂಟಿನ ಮಂದಿ ಕಾಯ್ಲಿಕ್ಕ ಹತ್ಯಾರ. ನಿಮ್ಮದೇನು ಅವಕ್ಕಿಂತ ಭಾರಿ ಆಯುಧ?"

"ನಮ್ಮ ಡಿಪೋದಾಗ ಒಬ್ಬಾಂವ ಹಿಂಗ ಎತ್ತಿದ್ದ," ಎಂದ ಗುರಲಿಂಗಪ್ಪ, ಯಾರೂ ಕೇಳದಿದ್ದರೂ. "ದೀಪಾವಳಿಗೆ ಬದ್ಲಿ ಆತು."

ಬದ್ಲಿ ಎಂದ ಕೂಡಲೇ ವೆಂಕಟಸುಬ್ಬಯ್ಯನಿಗೆ ನಾಗಪುರದ ಜಿರಲೆಗಳು ಕಂಡವು.

"ರೀ, ಸ್ವಲ್ಪ ಒಳಗೆ ಬನ್ನಿ," ಎಂದಳು ಬಾಗಿಲಲ್ಲಿ ನಿಂತಿದ್ದ ಪುಟ್ಟಲಕ್ಷ್ಮಿ.

"ನೀನು ಸುಮ್ಮನಿರು."

ಸೆಲ್ಲನ್ನೂ ಗುಂಡಿಯನ್ನೂ ಬಾಚಿಕೊಂಡು ಒಳಗೆ ಹೋಗಿ ಸೋಪಿನ ಡಬ್ಬಿ ತೆಗೆದು ನೋಡಿದ. ಖಾಲಿ. ಹತ್ತಿಯೂ ಇರಲಿಲ್ಲ. "ನಿನ್ನನ್ನ ನಂಬಿ ಮನೇಲಿಟ್ಟು ಹೋದೆನಲ್ಲ ನಾನು. ಬೇಡ ಅನ್ನೋಕೆ ಬಾಯಿರಲಿಲ್ವಾ?"

"ಅಯ್ಯೋ, ಕೇಳೀಂದ್ರೆ. ಡಬ್ಬೀಲಿ ನಿಮಗೆ—"

"ಊಟದ ಮಾತೆತ್ತಬೇಡ ಇವತ್ತು. ಯಾರಿಗೆ ಬೇಕು ಊಟ."

"ಊಟ ಅಲ್ಲರೀ—"

ಅಷ್ಟರಲ್ಲಿ ದೇವಕ್ಕ ಬಾಗಿಲೊಳಗೆ ಮುಖ ಹಾಕಿ, "ಆರತಿಗೆ ಬಾ ತಂಗಿ," ಎಂದಳು. ಪುಟ್ಟಲಕ್ಷ್ಮಿ ಬಾಯಿ ಮುಚ್ಚಿಕೊಂಡಳು. ಅದು ಅವಳ ಸ್ವಭಾವವಲ್ಲ. ಅದನ್ನು ಪಶ್ಚಾತ್ತಾಪವೆಂದು ತಿಳಿದು ವೆಂಕಟಸುಬ್ಬಯ್ಯ ಪ್ಯಾಂಟು ಶರ್ಟು ಹಾಕಿಕೊಂಡ.

ತನ್ನ ವಸ್ತುವನ್ನು ತಾನೇ ಕದಿಯುವುದೊಂದೇ ದಾರಿ. ಆರತಿ ಮುಗಿದು ಎಲ್ಲರೂ ಕೈಮುಗಿಯುವ ಹೊತ್ತಿಗೆ ಅವನು ಮುಂದೆ ಬಂದು, ಇಸ್ತ್ರಿ ಮಾಡಿದ ಶರ್ಟಿನ ಗತಿಯನ್ನು ಲೆಕ್ಕಿಸದೆ, ಮಣೆಯ ಮುಂದೆ ಉದ್ದಂಡ ನಮಸ್ಕಾರ ಹಾಕಿದ. ಬಹಳ ಹೊತ್ತು ಏಳಲಿಲ್ಲ.

"ಮೈಸೂರ ಮಂದೀಗೆ ಭಕ್ತಿ ಭಾಳ," ಎಂದು ದೇವಕ್ಕ ಮೆತ್ತಗಾದಳು. "ಬಾಯಿಲೆ ಏನರ ಅಂತಾರ, ಒಳಗ ಇರ್ತದ."

ಒಳಗೆ ಏನಿತ್ತೆಂದರೆ, ಎದ್ದು ನಿಂತಾಗ ಅವನ ಮುಷ್ಟಿಯೊಳಗೆ ಸರ್ಕಿಟ್ ಇತ್ತು. ಮಣೆಯ ಮೇಲೆ ಅದೇ ಚೆಂಡುಹೂವಿನಡಿ ತಾಂಬೂಲದ ತಟ್ಟೆಯ ಒಂದು ಅಡಕೆ ಚೂರು ಇತ್ತು. ಅವನು ಹೂವಿನ ದಳ ಕೂಡ ಸರಿಮಾಡಿ ಇಟ್ಟಿದ್ದ. ಎಷ್ಟೆಂದರೂ ಸಣ್ಣ ವಸ್ತುಗಳ ಕೆಲಸದವನು.

ಮೆಟ್ಟಿಲಿಳಿದು ರಸ್ತೆಯ ತಿರುವಿಗೆ ಬಂದಿರಬೇಕು, ಮೇಲಿನಿಂದ ಪುಟ್ಟಲಕ್ಷ್ಮಿಯ ದನಿ ಬಂತು. "ರೀ, ನಿಲ್ಲಿ. ರೀ, ಬಿಟ್ಟು ಹೋಗ್ತಿದೀರಿ." ತಿರುಗಿ ನೋಡಿದರೆ ಗ್ಯಾಲರಿಯ ಕಟಕಟೆಯ ಮೇಲಿಂದ ಅರ್ಧ ಬಾಗಿ ಕೈ ಬೀಸುತ್ತಿದ್ದಾಳೆ, ಪಕ್ಕದಲ್ಲಿ ದೇವಕ್ಕನೂ ಬೀಸುತ್ತಿದ್ದಾಳೆ. ಸಿಕ್ಕಿಬಿದ್ದೆ ಎಂದುಕೊಂಡ. ನಡಿಗೆ ಓಟವಾಯಿತು. ಇನ್ನೊಮ್ಮೆ ತಿರುಗಿದರೆ ಬಂಡೆಪ್ಪ ಬರುತ್ತಿದ್ದ. ಸಿಮೆಂಟ್ ಕಲಸುವ ಯಂತ್ರ ಬ್ರೇಕು ಕಳಚಿಕೊಂಡು ಇಳಿಜಾರಲ್ಲಿ ಬಂದಂತೆ ಬರುತ್ತಿದ್ದ. ಅವನ ಕೈಯಲ್ಲಿ ಏನೋ ಬಿಸಿಲಿಗೆ ಹೊಳೆಯುತ್ತಿತ್ತು. ಕರಣಿಯೇ ಇರಬೇಕು. ನನಗೋಸ್ಕರ ಅವನೂ ಆಯುಧ ಎತ್ತಿದನಲ್ಲ ಎಂದು ವೆಂಕಟಸುಬ್ಬಯ್ಯನಿಗೆ ಆ ಓಟದಲ್ಲೂ ಖೇದವಾಯಿತು.

"ಸಾಹೇಬ್ರ, ನಿಂದರ್ರೀ," ಎಂದು ಬಂಡೆಪ್ಪ ಪ್ಲಾಟ್‌ಫಾರ್ಮಿನ ತುದಿಯಿಂದ ಒದರಿದ. ಸಾಹೇಬರು ಹೊರಟಿದ್ದ ಚರ್ಚ್‌ಗೇಟ್ ಲೋಕಲ್ಲಿನ ಬಾಗಿಲ ಕಂಬಕ್ಕೆ ಜೋತುಬಿದ್ದು ಪಾರಾದರು.

ರೈಲಿನಲ್ಲಿ ಮುಷ್ಟಿ ಬಿಡಿಸಿ ನೋಡಿಕೊಂಡ. ಅಂಗೈಯ ಬೆವರಿಗೆ ಕುಂಕುಮವೆಲ್ಲ ಕದಡಿ, ಸರ್ಕಿಟ್ಟು ಹೋಳಿಯಾಡಿ ಬಂದಂತಿತ್ತು. ನೀರಿಗೆ ಇದು ಹೋಗದು. ಸ್ಪಿರಿಟ್ ಬೇಕು.

ಫೋರ್ಟಿನ ಔಷಧದಂಗಡಿಯವನು ಕನ್ನಡಕದ ಮೇಲಿಂದ ನೋಡಿದ. ಓಡಿ ಬಂದ ಏದುಸಿರು, ಕೆಂಪು ಕೈ, ಹಬ್ಬದ ದಿನ ಬೆಳಿಗ್ಗೆ ಸ್ಪಿರಿಟ್ ಕೇಳುವ ಮನುಷ್ಯ. "ಡಾಕ್ಟರ ಚೀಟಿ?" ಎಂದು ಕೇಳಿದ.

"ನನಗಲ್ಲ, ಇದಕ್ಕೆ," ಎಂದು ವೆಂಕಟಸುಬ್ಬಯ್ಯ ಅಂಗೈ ತೋರಿಸಿದ.

ಅಂಗಡಿಯವನು ಅಂಗೈಯನ್ನೂ ಅವನನ್ನೂ ನೋಡಿ, "ಮುಂದಿನ ಅಂಗಡಿಯಲ್ಲಿ ಕೇಳಿ," ಎಂದ. ಮುಂದಿನ ಅಂಗಡಿ ಛತ್ರಿಯದು.

ಕೊನೆಗೆ ಅವನನ್ನು ಕಾಪಾಡಿದ್ದು ಸೇಠರ ಕಚೇರಿಯ ಹಿಂದಿನ ಗಲ್ಲಿಯ ಉಡುಪಿ ಹೋಟೆಲು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮ್ಯಾನೇಜರ್ ಚೆನ್ನಯ ಅವನ ಹಳೆಯ ಪರಿಚಯ.

"ಎಂತ ಮಾರಾಯ್ರೆ ಅದು, ತಾಯತವಾ?"

"ಸರ್ಕಿಟ್ಟು. ಸ್ವಲ್ಪ ಸ್ಪಿರಿಟ್ ಬೇಕಿತ್ತು ಚೆನ್ನಯ್ನೋರೆ."

"ಅಷ್ಟೇಯಾ? ಸ್ಟವ್ ಹೊತ್ತಿಸ್ಲಿಕ್ಕೆ ಇಟ್ಟದ್ದು ಉಂಟು. ನೀವು ಕುಡೀಲಿಕ್ಕಿಲ್ಲ ಅಂತ ನನಗೆ ಗೊತ್ತುಂಟು. ನಿಮಗೆ ಎರಡು ಕಾಫಿಗೇ ತಲೆ ತಿರುಗ್ತದೆ."

ಕೈತೊಳೆಯುವ ಬೇಸಿನ್ನಿನ ಮುಂದೆ ನಿಂತು ವೆಂಕಟಸುಬ್ಬಯ್ಯ ಮಗುವಿಗೆ ಎಣ್ಣೆನೀರು ಹಾಕುವಂತೆ ಸರ್ಕಿಟ್ಟನ್ನು ತೊಳೆದ. ಮೂಲೆಮೂಲೆಗೆ ಕಡ್ಡಿ ಆಡಿಸಿದ. ಒಣಗಿಸಲು ಜಾಗವಿರಲಿಲ್ಲ. ಚೆನ್ನಯನೇ ಅಡುಗೆಮನೆಗೆ ಕರೆದೊಯ್ದು ದೋಸೆಯ ಕಾವಲಿಯ ಪಕ್ಕ, 'ಬಿಸಿ ತಾಗ್ತದೆ, ಬೆಂಕಿ ತಾಗುದಿಲ್ಲ' ಎನ್ನುವ ಒಂದು ಅಂಚು ತೋರಿಸಿದ. ಮೂರು ಮಸಾಲೆ ದೋಸೆ ಬೇಯುವಷ್ಟರಲ್ಲಿ ಸರ್ಕಿಟ್ಟು ಗರಿಗರಿಯಾಗಿ ಒಣಗಿತು. ಹೊಸ ಸೆಲ್ಲು ತಾಗಿಸಿ ಕೇಳಿದ. ಮೌನ. ಅಷ್ಟು ಇಂಪಾದ ಮೌನವನ್ನು ಅವನು ಹಿಂದೆ ಕೇಳಿರಲಿಲ್ಲ. ಹಸಿವೆಯಾಯಿತು, ಡಬ್ಬಿ ತಂದಿಲ್ಲವೆಂಬುದು ಆಗ ನೆನಪಾಗಿ ಒಂದು ದೋಸೆ ತಿಂದ.

ಧೀರಜಲಾಲ್ ಸೇಠರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಜಾಹೀರಾತಿಗೆಂದು ತಮ್ಮ ಕಂಪನಿಯ ಯಂತ್ರವನ್ನು ಸದಾ ತೊಟ್ಟಿರುತ್ತಿದ್ದರು. ಬೇಡದ ಮಾತು ಬಂದಾಗ ಅದರ ಡಬ್ಬಿಯನ್ನು ಬೆರಳಿಂದ ಕುಟ್ಟಿ, ಸೆಲ್ಲು ಹೋಯಿತು ಎಂದು ತಲೆಯಾಡಿಸುವುದು ಅವರ ರೂಢಿ. ಸಾಲ ಕೇಳುವವರೂ ಸಂಬಳ ಕೇಳುವವರೂ ಆ ಕುಟ್ಟುವ ಸದ್ದಿಗೆ ಎದ್ದು ಹೋಗುತ್ತಿದ್ದರು.

ಛೋಟುಭಾಯಿ ಆಗಲೇ ಬಂದು ಕೂತಿದ್ದ. ಸರ್ಕಿಟ್ಟನ್ನು ಮೂಗಿನ ಹತ್ತಿರ ಹಿಡಿದು, "ಇದು ಯಾಕೆ ತುಪ್ಪದ ವಾಸನೆ ಹೊಡೀತಿದೆ?" ಎಂದು ಹಿಂದಿಯಲ್ಲಿ ಪಿಸುಗುಟ್ಟಿದ.

"ಹೊಸ ಪಾಲಿಶ್," ಎಂದ ವೆಂಕಟಸುಬ್ಬಯ್ಯ.

ಮೇಜಿನ ಮೇಲೆ ಬೇಕಾದಷ್ಟು ವೋಲ್ಟೇಜು ಕೊಡುವ ಪೆಟ್ಟಿಗೆಯಿತ್ತು. ಸೇಠರು ಗುಂಡಿಯನ್ನು ಕಿವಿಗಿಟ್ಟುಕೊಂಡು ತಾವೇ ತಿರುಗಣಿ ಹಿಡಿದರು. ಒಂದೂವರೆ. ಮೌನ. ಛೋಟುಭಾಯಿ ಮೀಟರಿನ ನಿದ್ದೆ ಮಾಡುವ ಮುಳ್ಳನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದ. ಒಂದು ಪಾಯಿಂಟ್ ನಾಲ್ಕು. ಮೌನ. ವೆಂಕಟಸುಬ್ಬಯ್ಯ ಉಸಿರು ಬಿಟ್ಟ. ಒಂದು ಪಾಯಿಂಟ್ ಮೂರು.

ಸೇಠರು ಕೈ ನಿಲ್ಲಿಸಿದರು. "ಬೋಲಾ," ಎಂದರು.

ಗುಂಡಿಯೊಳಗಿಂದ ಆಚೆಗೂ ಕೇಳುವಂತೆ ಟಿಕ್ ಟಿಕ್ ಬರುತ್ತಿತ್ತು. ಎಲ್ಲೋ ಒಂದು ಕಣ ಕುಂಕುಮ ಉಳಿದಿರಬೇಕು ಎಂದುಕೊಂಡ ವೆಂಕಟಸುಬ್ಬಯ್ಯ.

"ಕಾಗದದಲ್ಲಿ ಒಂದು ಪಾಯಿಂಟ್ ಒಂದು ಅಂತಿದೆ," ಎಂದರು ಸೇಠರು.

"ಹೌದು ಸೇಠ್‌ಜಿ. ತಪ್ಪಾಗಿದೆ. ನಾಲ್ಕು ದಿನ ಕೊಟ್ಟರೆ—"

"ಒಂದು ಪಾಯಿಂಟ್ ಮೂರರಲ್ಲಿ ಸೆಲ್ಲು ಸತ್ತಿರುತ್ತದೋ?"

"ಇಲ್ಲ ಸೇಠ್‌ಜಿ. ಇನ್ನೂ ಅರ್ಧ ಆಯುಸ್ಸು ಬಾಕಿ ಇರುತ್ತೆ."

"ಆದರೆ ಟಿಕ್ ಟಿಕ್ ಕೇಳಿದ ಗಿರಾಕಿ ಅದನ್ನು ಎಸೆದು ಹೊಸದು ಹಾಕುತ್ತಾನೆ."

"ಹೌದು," ಎಂದ ವೆಂಕಟಸುಬ್ಬಯ್ಯ ತಲೆ ತಗ್ಗಿಸಿ.

ಛೋಟುಭಾಯಿ ಕಣ್ಣು ಮುಚ್ಚಿಕೊಂಡ. ಸೇಠರು ಕುರ್ಚಿಯನ್ನು ನಿಧಾನವಾಗಿ ಗೋಡೆಯ ಕಡೆ ತಿರುಗಿಸಿದರು. ಅಲ್ಲಿ ಗಾಜಿನ ಕಪಾಟಿನಲ್ಲಿ, ಸೇಠರದೇ ಭಾವಚಿತ್ರ ಹೊತ್ತ ಸೆಲ್ಲುಗಳು ಸೈನಿಕರಂತೆ ಸಾಲು ಸಾಲಾಗಿ ನಿಂತಿದ್ದವು.

"ಕಿವಿಯ ಯಂತ್ರವನ್ನು ಮನುಷ್ಯ ಜನ್ಮಕ್ಕೆ ಒಂದು ಸಲ ಕೊಳ್ಳುತ್ತಾನೆ," ಎಂದರು ಸೇಠರು, ಕಪಾಟಿನೊಂದಿಗೆ ಮಾತಾಡುವವರಂತೆ. "ಸೆಲ್ಲು?"

ಛೋಟುಭಾಯಿ ಒಂದು ಕಣ್ಣು ತೆರೆದ.

"ಸ್ಯಾಂಪಲ್ ಪಾಸು," ಎಂದರು ಸೇಠರು. "ಇದೇ ರೀತಿ ಇರಬೇಕು. ಒಂದು ಕೂದಲೂ ಬದಲಾಗಬಾರದು."

"ಸೇಠ್‌ಜಿ, ಇದು ಸುಳ್ಳು ಹೇಳುತ್ತೆ," ಎಂದ ವೆಂಕಟಸುಬ್ಬಯ್ಯ.

"ಸುಳ್ಳಲ್ಲ. ಮುಂಜಾಗ್ರತೆ."

"ನಾನು ಒಂದು ಪಾಯಿಂಟ್ ಒಂದಕ್ಕೆ ಸರಿಮಾಡಿ—"

ಮೇಜಿನಡಿಯಲ್ಲಿ ಛೋಟುಭಾಯಿಯ ಬೂಟು ಅವನ ಕಾಲನ್ನು ತುಳಿಯಿತು. ಸೇಠರು ಎದೆಯ ಮೇಲಿನ ಡಬ್ಬಿಯನ್ನು ಎರಡು ಸಲ ಕುಟ್ಟಿ, ಕೇಳಿಸುತ್ತಿಲ್ಲ ಎಂದು ವಿಷಾದದಿಂದ ತಲೆಯಾಡಿಸಿದರು.

ಹೊರಗೆ ಬಂದ ಮೇಲೆ ಛೋಟುಭಾಯಿ ಅವನನ್ನು ರಸ್ತೆಯಲ್ಲೇ ತಬ್ಬಿಕೊಂಡ. ಪಾನ್ ಕೊಡಿಸಿದ. "ನೀನು ದೊಡ್ಡ ಡಿಸೈನರ್," ಎಂದ. ಆಮೇಲೆ ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸುತ್ತ, "ದೀಪಾವಳಿ ಪಾಡ್ಯ ಕಳೆದ ಮೇಲೆ ಹೊರಡು. ನಾಗಪುರಕ್ಕೆ ತಂತಿ ಕೊಡ್ತೀನಿ," ಎಂದ.

"ಪಾಸಾದರೆ ಇಲ್ಲೇ ಅಂದಿದ್ರಿ ಸೇಠ್."

"ಅಂದಿದ್ದೆ. ಧೀರಜಲಾಲ್ ಸೇಠ್ ಏನಂದರು? ಒಂದು ಕೂದಲೂ ಬದಲಾಗಬಾರದು. ನೀನು ಇಲ್ಲಿದ್ದರೆ ಅದನ್ನು ಸರಿಮಾಡದೆ ಇರ್ತೀಯಾ? ನಿಜ ಹೇಳು."

ವೆಂಕಟಸುಬ್ಬಯ್ಯ ನಿಜ ಹೇಳುವ ಮನುಷ್ಯ. ಆದ್ದರಿಂದ ಪಾನನ್ನು ಬಾಯಿಗೆ ತುರುಕಿಕೊಂಡ.

"ಡಿಸೈನ್ ಮುಗೀತು ಭಾಯಿ. ಮುಗಿದ ಡಿಸೈನಿನ ಹತ್ತಿರ ಡಿಸೈನರನ್ನ ಬಿಡೋದು, ಮಲಗಿದ ಮಗುವಿನ ಹತ್ತಿರ ಢೋಲಿನವನನ್ನ ಬಿಟ್ಟ ಹಾಗೆ."

ಸಂಜೆ ಚಾಳಿನ ಮೆಟ್ಟಿಲು ಹತ್ತುವಾಗ ಅವನು ದೇವಕ್ಕನ ಬೈಗುಳಕ್ಕೆ ತಯಾರಾಗಿಯೇ ಇದ್ದ. ಆದರೆ ಗ್ಯಾಲರಿ ಶಾಂತವಾಗಿತ್ತು. ಮಣೆಯ ಮುಂದೆ ದೀಪ ಉರಿಯುತ್ತಿತ್ತು. ದೇವಕ್ಕ ಚೆಂಡುಹೂವಿನಡಿಯ ಅಡಕೆ ಚೂರಿಗೆ ಶ್ರದ್ಧೆಯಿಂದ ಸಂಜೆಯ ಆರತಿ ಎತ್ತುತ್ತಿದ್ದಳು. ಬಂಡೆಪ್ಪ ಗೋಡೆಗೊರಗಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಏನ್ರಿ ಸಾಹೇಬ್ರ," ಎಂದ ಬಂಡೆಪ್ಪ. "ಡಬ್ಬಿ ಕೊಡ್ಲಿಕ್ಕ ಓಡಿ ಬಂದ್ರ ನೀವು ರೈಲು ಹತ್ತಿ ಹೋಗೋದೇನ್ರಿ? ನನ್ನ ಮದವ್ಯಾಗೂ ನಾ ಹಂಗ ಓಡಿದ್ದಿಲ್ಲ."

"ಡಬ್ಬಿಯೇ?"

"ಮತ್ತ? ತಂಗಿ ಅಳೂದೊಂದು ಬಾಕಿ. ಊಟ ಬಿಟ್ಟು ಹೋದ್ರು, ಊಟ ಬಿಟ್ಟು ಹೋದ್ರು ಅಂತ."

ಒಳಗೆ ಪುಟ್ಟಲಕ್ಷ್ಮಿ ಬಾಗಿಲು ಮುಂದೆ ಮಾಡಿ, ಊಟದ ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು. ಕೊಂಡಿ ಬಿಚ್ಚಿ ಮೇಲಿನ ಪೆಟ್ಟಿಗೆಯ ಮುಚ್ಚಳ ತೆಗೆದಳು. ಹತ್ತಿಯ ಮೇಲೆ ಸರ್ಕಿಟ್ ಮಲಗಿತ್ತು. ಒಂದು ಕಲೆಯಿಲ್ಲದೆ, ಒಂದು ಹನಿ ಪಸೆಯಿಲ್ಲದೆ.

ವೆಂಕಟಸುಬ್ಬಯ್ಯ ಜೇಬಿನಲ್ಲಿದ್ದ ಸರ್ಕಿಟ್ಟನ್ನು ತೆಗೆದು ಅದರ ಪಕ್ಕದಲ್ಲಿಟ್ಟ. ಅದನ್ನೂ ಇದನ್ನೂ ನೋಡಿದ.

"ದೇವಕ್ಕ ಕುಂಕುಮದ ಬಟ್ಟಲು ಹಿಡ್ಕೊಂಡು ಖೋಲಿ ಖೋಲಿ ಸುತ್ತುತಾ ಇದ್ರು," ಎಂದಳು ಪುಟ್ಟಲಕ್ಷ್ಮಿ, ದನಿ ತಗ್ಗಿಸಿ. "ಬೇಡ ಅಂದ್ರೆ ಬಿಡೋ ಹೆಂಗಸೇ? ಗೂಡಲ್ಲಿ ಬಿದ್ದಿತ್ತಲ್ಲ, ಬೇಗ ಬೊಬ್ಬೆ ಹೊಡೆಯುತ್ತೆ ಅಂತ ನೀವು ಎಸೆದಿದ್ದು, ಅದನ್ನ ಕೊಟ್ಟು ಕಳಿಸಿದೆ. ಒಳ್ಳೇದನ್ನ ಹತ್ತಿ ಸಮೇತ ಇದರಲ್ಲಿಟ್ಟೆ. ಊಟದ ಡಬ್ಬಿಗೆ ಯಾರೂ ಕುಂಕುಮ ಹಚ್ಚಲ್ಲ ನೋಡಿ. ಹೇಳೋಣ ಅಂದ್ರೆ ನೀವು ಬಾಯಿ ತೆಗೆಯೋಕೆ ಬಿಟ್ರಾ? ಎಲ್ಲರೆದುರಿಗೆ, ಮಣೆ ಮೇಲಿರೋದು ಕಸ ಕಣ್ರೀ ಅಂತ ಕೂಗೋಕಾಗುತ್ತಾ? ಆಮೇಲೆ ನಲ್ಲಿ ಹತ್ರ ನಾನು ಹೋಗೋದು ಬೇಡ್ವಾ?"

ವೆಂಕಟಸುಬ್ಬಯ್ಯ ಹತ್ತಿಯ ಮೇಲಿನದಕ್ಕೆ ಸೆಲ್ಲು ಜೋಡಿಸಿ ಕಿವಿಗಿಟ್ಟುಕೊಂಡ. ಮೌನ. ಇದು ನಿಜವಾದ ಮೌನ.

ಅವನು ಅಲ್ಲೇ ಕೂತು ಲೆಕ್ಕ ಹಾಕಿದ. ಡಬ್ಬಿ ಒಯ್ದಿದ್ದರೆ ಸೇಠರ ಮುಂದೆ ಇದೇ ಇರುತ್ತಿತ್ತು, ಒಂದು ಪಾಯಿಂಟ್ ಒಂದಕ್ಕೆ ಬಾಯಿ ಬಿಡುತ್ತಿತ್ತು. ಸೇಠರು ಕಪಾಟಿನ ಸೆಲ್ಲುಗಳನ್ನು ನೋಡಿ, ತಮ್ಮ ಎದೆಯ ಡಬ್ಬಿಯನ್ನು ಎರಡು ಸಲ ಕುಟ್ಟುತ್ತಿದ್ದರು. ಫೇಲು, ನಾಗಪುರ. ಡಬ್ಬಿ ಒಯ್ಯಲಿಲ್ಲ, ಪಾಸು, ನಾಗಪುರ.

"ಹೋಗಲಿ, ಪಾಸಾಯ್ತಾ?" ಎಂದಳು ಪುಟ್ಟಲಕ್ಷ್ಮಿ.

"ಆಯ್ತು."

"ಹಾಗಿದ್ರೆ ಇನ್ನು ಇಲ್ಲೇ ತಾನೆ?"

ಅವನು ಗೂಡಿನ ಸಾಸಿವೆ ಡಬ್ಬಿಯ ಕಡೆ ಮುಖ ತಿರುಗಿಸಿದ. "ನಾಗಪುರದಲ್ಲಿ ಕಿತ್ತಳೆ ತುಂಬ ಚೆನ್ನಾಗಿ ಸಿಗುತ್ತಂತೆ," ಎಂದ.

ಪುಟ್ಟಲಕ್ಷ್ಮಿ ಇದಕ್ಕೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಅನ್ನ ಆರಿ ಕಲ್ಲಾಗಿತ್ತು. ವೆಂಕಟಸುಬ್ಬಯ್ಯ ಎದ್ದು ಒಳ್ಳೆಯ ಸರ್ಕಿಟ್ಟನ್ನು, ಸೆಲ್ಲು ಗುಂಡಿ ಸಮೇತ, ಅಂಗೈಯಲ್ಲಿಟ್ಟುಕೊಂಡು ಗ್ಯಾಲರಿಗೆ ಬಂದ. ಚೆಂಡುಹೂವೆತ್ತಿ, ಅಡಕೆ ಚೂರನ್ನು ತೆಗೆದು ಬಾಯಿಗೆ ಹಾಕಿಕೊಂಡು, ಆ ಜಾಗದಲ್ಲಿ ಅದನ್ನಿಟ್ಟ. ಬಟ್ಟಲಿಂದ ತಾನೇ ಒದ್ದೆ ಕುಂಕುಮ ತೆಗೆದು ಧಾರಾಳವಾಗಿ ಹಚ್ಚಿದ.

"ಈಗ ಹಚ್ಚತೀರೇನು?" ಎಂದಳು ದೇವಕ್ಕ. "ಮುಂಜಾನಿ ಅಷ್ಟು ಕುಣದಾಡಿದ್ರಿ."

"ತಪ್ಪಾಯ್ತು ದೇವಕ್ಕ. ಇನ್ನು ನಾಳೆ ಬೆಳಿಗ್ಗೆವರೆಗೂ ಎತ್ತಲ್ಲ."

ಬಂಡೆಪ್ಪ ಕುಂಟುತ್ತ ಬಂದು ಗುಂಡಿಯನ್ನು ಕಿವಿಗೆ ಹಚ್ಚಿಕೊಂಡ. ಅವನ ಮುಖ ಅರಳಿತು.

"ಸಾಹೇಬ್ರ, ಮತ್ತ ಮಾತಾಡ್ಲಿಕ್ಕ ಹತ್ಯದ."

ಹೊಸ ಸೆಲ್ಲು ಸತ್ತೇ ಹೋಯಿತೆಂದು ಅದು ಟಿಕ್ ಟಿಕ್ ಎನ್ನುತ್ತಿತ್ತು. ಧೀರಜಲಾಲ್ ಸೇಠರು ಕೇಳಿದ್ದರೆ ದುಪ್ಪಟ್ಟು ಆರ್ಡರು ಕೊಡುತ್ತಿದ್ದರು.